ಕೋಪಕ್ಕೆ ನ್ಯಾಯಪೀಠ ಸಲ್ಲದು



‘ಕೋರ್ಟು ಕಚೇರಿ ಅಲೆದು ಮುದುಕರಾಗುವುದಕ್ಕಿಂತ ಅಲ್ಲಿಯೇ ನಾಲ್ಕು ಬಿಗಿಯುವುದು ಲೇಸು’ ಎಂಬ ಮಾತು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಟ್ಟೆಗಳಲ್ಲಿ ಆಗಾಗ ಕೇಳಿಬರುತ್ತದೆ. ನ್ಯಾಯವು ವಿಳಂಬವಾಗುತ್ತಿರುವುದು ಸುಳ್ಳಲ್ಲ. ಹೊಲದ ಬದುವಿನ ವ್ಯಾಜ್ಯ ತಂದೆಯಿಂದ ಮಗನಿಗೆ ಇಳಿದುಬಂದ ಮನೆಗಳು ನಮ್ಮಲ್ಲಿ ಉಂಟು. ಆದರೆ ಸಿಟ್ಟು ತಾನೇ ದಂಡ ಹಿಡಿದರೆ ಏನಾಗುವುದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವವರಿಗೆ ವಂಟಮುರಿ ಘಾಟು ಪರಿಚಿತವೇ. ಆ ಭಾಗದ ಹೊಸ ವಂಟಮುರಿ ಗ್ರಾಮದಲ್ಲಿ, 2023ರ ಡಿಸೆಂಬರ್ 11ರ ನಸುಕಿನಲ್ಲಿ, ಮಗನು ತಾನು ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂಬ ಕಾರಣಕ್ಕೆ ಹುಡುಗಿಯ ಕಡೆಯವರು ಅವನ ತಾಯಿಯನ್ನು ಎಳೆತಂದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಥಳಿಸಿದರು. ಅದೇ ವಾರ ರಾಜ್ಯದ ಶಾಸಕರು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನಕ್ಕೆ ಸೇರಿದ್ದರು. ಆ ತಾಯಿಯ ತಪ್ಪೇನೆಂದು ಹೊಡೆದವರು ಕೇಳಲಿಲ್ಲ. ಗುಂಪಿನ ನ್ಯಾಯದ ಲಕ್ಷಣವೇ ಇದು: ಬೇಕಾದವನು ಸಿಗದಿದ್ದರೆ ಸಿಕ್ಕವರೇ ಅಪರಾಧಿಗಳು. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಗಾಳಿಸುದ್ದಿಗೆ ಹೈದರಾಬಾದಿನ ನಿರಪರಾಧಿ ತರುಣನೊಬ್ಬ ಪ್ರಾಣ ತೆತ್ತದ್ದೂ ಹೀಗೆಯೇ.

ವಂಟಮುರಿಯ ಪ್ರಕರಣವನ್ನು ಹೈಕೋರ್ಟು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಐವತ್ತು ಅರವತ್ತು ಜನರಿದ್ದಲ್ಲಿ ಬಿಡಿಸಲು ಮುಂದಾದವನು ಒಬ್ಬನೇ. ಅವನಿಗೂ ಏಟು ಬಿದ್ದಿತು. ಇದನ್ನು ಗಮನಿಸಿದ ನ್ಯಾಯಪೀಠವು, ಬೆಂಟಿಂಕನ ಕಾಲದಲ್ಲಿ ಇಡೀ ಹಳ್ಳಿಯ ಮೇಲೆ ದಂಡ ಹೇರಿದ್ದನ್ನು ನೆನಪಿಸಿತು. ಕೈಕಟ್ಟಿ ನೋಡಿದವರೂ ಹೊಣೆಗಾರರೆಂಬುದು ಅದರ ಆಶಯ.

ಕಾನೂನಿನ ಕೊರತೆಗೆ ಮದ್ದು ಕಾನೂನಿನ ಹಾದಿಯಲ್ಲಿಯೇ ಇದೆ. ಹಿಂದೆ ಈ ಭಾಗದ ಕಕ್ಷಿದಾರರು ಹೈಕೋರ್ಟಿಗಾಗಿ ಬೆಂಗಳೂರಿಗೇ ಹೋಗಬೇಕಿತ್ತು. ವಕೀಲರೂ ಜನರೂ ಹಲವು ವರ್ಷ ಹೋರಾಡಿದ ಫಲವಾಗಿ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಂ ಆಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಸ್ತ್ರೀಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವುಂಟು; ಅದಕ್ಕಾಗಿ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು.

ಇನ್ನೊಂದು ಕೊರತೆಯನ್ನು ಯಾವ ಸರ್ಕಾರವೂ ತುಂಬಲಾರದು. ನ್ಯಾಯಾಲಯವನ್ನು ದೂರುವ ಎಷ್ಟೋ ಜನರು ಸಾಕ್ಷಿ ಹೇಳಲು ಕರೆದಾಗ ‘ಊರ ಉಸಾಬರಿ ನಮಗೇಕೆ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಸಾಕ್ಷಿಯಿಲ್ಲದೆ ಮೊಕದ್ದಮೆ ಬಿದ್ದುಹೋದರೆ ಮತ್ತೆ ಬೈಗುಳ ಕೋರ್ಟಿಗೇ. ಕಣ್ಣಾರೆ ಕಂಡದ್ದನ್ನು ನಿರ್ಭಯವಾಗಿ ನುಡಿಯುವುದು, ಏಟು ಬೀಳುವಲ್ಲಿ ಅಡ್ಡ ನಿಲ್ಲುವುದು, ಇವೆರಡೂ ಸದ್ಭಕ್ತನ ಕಾಯಕವೇ. ಆ ರಾತ್ರಿ ಬಿಡಿಸಲು ಹೋದ ಒಬ್ಬನೊಡನೆ ಹತ್ತು ಜನ ಕೂಡಿದ್ದರೆ ಆ ತಾಯಿಯ ಮಾನ ಉಳಿಯುತ್ತಿತ್ತು. ಆ ಹತ್ತರಲ್ಲಿ ಒಬ್ಬರಾಗುವ ಧೈರ್ಯವನ್ನು ನಮ್ಮ ಮಕ್ಕಳಿಗೆ ಮನೆಯಲ್ಲಿಯೇ ಕಲಿಸೋಣ.