ವಿದ್ಯಾಶಾಲೆಯ ದೂರದರ್ಶನ

1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ನಡೆಸಿದುದನ್ನು ಬಲ್ಲ ಕನ್ನಡಿಗರಿಗೆ, ಅಮೆರಿಕೆಯ ವಿಶ್ವವಿದ್ಯಾನಿಲಯಗಳು ಸ್ವಂತ ದೂರದರ್ಶನ ಕೇಂದ್ರಗಳನ್ನು ಇಟ್ಟುಕೊಂಡಿರುವುದು ಅಷ್ಟೇನೂ ಸೋಜಿಗವೆನಿಸದು. 1952ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಮಂಡಲಿಯು ವಾಹಿನಿಗಳನ್ನು ಹಂಚುವಾಗ, ಆಕಾಶವನ್ನೆಲ್ಲ ವ್ಯಾಪಾರಿಗಳೇ ಗುತ್ತಿಗೆ ಹಿಡಿಯದಿರಲೆಂದು 242 ವಾಹಿನಿಗಳನ್ನು ಶಿಕ್ಷಣಕ್ಕೆಂದೇ ತೆಗೆದಿರಿಸಿತು. ಮಂಡಲಿಯ ಪ್ರಥಮ ಮಹಿಳಾ ಸದಸ್ಯೆ ಫ್ರೀಡಾ ಹೆನ್ನಾಕ್ ಹಟ ತೊಟ್ಟು ವಾದಿಸಿರದಿದ್ದರೆ ಅಷ್ಟೂ ದಕ್ಕುತ್ತಿದ್ದುವೆಂದು ನಂಬುವುದು ಕಷ್ಟ. ಮರುವರ್ಷವೇ ಹ್ಯೂಸ್ಟನ್ ವಿಶ್ವವಿದ್ಯಾನಿಲಯವೂ, 1961ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾನಿಲಯವೂ ಪ್ರಸಾರವನ್ನಾರಂಭಿಸಿದುವು.

ಈ ಅರಿಜೋನಾ ಕೇಂದ್ರದ ಆಡಳಿತವನ್ನು 2014ರಲ್ಲಿ, ವಿಖ್ಯಾತ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟರ ಹೆಸರನ್ನು ಹೊತ್ತ ಪತ್ರಿಕೋದ್ಯಮ ಶಾಲೆಗೇ ಒಪ್ಪಿಸಲಾಯಿತು. ಇಂಥ ಏರ್ಪಾಡಿನಲ್ಲಿ ಸುದ್ದಿಯನ್ನು ಅರಸಿ ಹೋಗುವವರು, ಕ್ಯಾಮೆರಾ ಹಿಡಿಯುವವರು, ತೆರೆಯ ಮೇಲೆ ಕುಳಿತು ವಾರ್ತೆಯನ್ನು ಓದುವವರು ವಿದ್ಯಾರ್ಥಿಗಳು. ಅವರ ಬೆನ್ನ ಹಿಂದೆ ನಿಲ್ಲುವವರು ಸುದ್ದಿಮನೆಯಲ್ಲಿ ಪಳಗಿದ ಅಧ್ಯಾಪಕರು. ತರಗತಿಗಾಗಿ ಬರೆದ ವರದಿಯಲ್ಲಿ ಆರೋಪಿಯ ಹೆಸರು ತಪ್ಪಿದರೆ ಬರೆದವನ ಅಂಕಗಳು ಹೋಗುತ್ತವೆ. ಅದೇ ಪ್ರಮಾದ ಸಂಜೆಯ ವಾರ್ತೆಯಲ್ಲಿ ನುಸುಳಿದರೆ ಹೋಗತಕ್ಕದ್ದು ನಿರಪರಾಧಿಯೊಬ್ಬನ ಮಾನ. ಈ ಭಯವನ್ನು ಯಾವ ಉಪನ್ಯಾಸವೂ ಹುಟ್ಟಿಸಲಾರದು. ಈ ಭಯವಿಲ್ಲದವನು ಪತ್ರಕರ್ತನಾಗಲಾರನು.

ಆದರೂ ನನಗೊಂದು ಶಂಕೆ ಉಂಟು. ಊರಿನ ದೈನಿಕಗಳು ಸೊರಗಿ ವರದಿಗಾರರು ವಿರಳರಾಗುತ್ತಿರುವ ಈ ಕಾಲದಲ್ಲಿ ಆ ತೆರವನ್ನು ವಿದ್ಯಾರ್ಥಿಗಳಿಂದಲೇ ತುಂಬಿಸಿಬಿಡೋಣವೆಂಬ ಆಸೆ ಯಾರಿಗಾದರೂ ಹುಟ್ಟೀತು. ನಗರಸಭೆಯ ಸದಸ್ಯನೊಬ್ಬನು ಐದು ವರ್ಷದ ಕೆಳಗೆ ಕೊಟ್ಟ ಮಾತನ್ನು ಅವನ ಮುಂದೆಯೇ ಎತ್ತಿ ಕೇಳಬಲ್ಲವನು ಸೆಮಿಸ್ಟರ್ ಮುಗಿದೊಡನೆ ಹೊರಟುಹೋಗುವ ತರುಣನಲ್ಲ, ಅಲ್ಲಿಯೇ ಬೇರು ಬಿಟ್ಟ ಹಿರಿಯ ವರದಿಗಾರ. ಕಲಿಕೆಯ ನೆಪದಲ್ಲಿ ಅಗ್ಗದ ದುಡಿಮೆ ಮೆಲ್ಲನೆ ಒಳಹೊಗುವ ದಾರಿಯೂ ಇದೇ.

ಈಗಂತೂ ಇಂಥ ಕೇಂದ್ರಗಳಿಗೆ ಹಣದ ಇಕ್ಕಟ್ಟು ಎದುರಾಗಿದೆ. ಸಾರ್ವಜನಿಕ ಪ್ರಸಾರಕ್ಕೆ ಮೀಸಲಾಗಿದ್ದ ಸುಮಾರು 110 ಕೋಟಿ ಡಾಲರುಗಳನ್ನು 2025ರ ಜುಲೈಯಲ್ಲಿ ಅಮೆರಿಕೆಯ ಕಾಂಗ್ರೆಸ್ ಹಿಂತೆಗೆದುಕೊಂಡಿತು. 1967ರ ಶಾಸನದಿಂದ ಜನಿಸಿ ಆ ಹಣವನ್ನು ಹಂಚುತ್ತಿದ್ದ ನಿಗಮವು ಮರುತಿಂಗಳೇ ತನ್ನ ಬಾಗಿಲು ಮುಚ್ಚುವುದಾಗಿ ಸಾರಿತು. ಇಂಥಲ್ಲಿ ವ್ಯವಹಾರ ಬಲ್ಲವರು, ವೀಕ್ಷಕರು ದೇಣಿಗೆ ಕೊಡುವುದು ಈ ಕೇಂದ್ರಗಳು ಕೊಂಡುತಂದು ತೋರಿಸುವ ಬ್ರಿಟಿಷ್ ನಾಟಕಗಳ ಮೋಹಕ್ಕಾಗಿ, ಆದುದರಿಂದ ಅವನ್ನು ಉಳಿಸಿ ವಾರ್ತೆಯನ್ನು ಮೊಟಕುಮಾಡೋಣ ಎಂದಾರು. ನಾಟಕಗಳು ಬೇರೆಲ್ಲಿಯಾದರೂ ನೋಡಸಿಕ್ಕುತ್ತವೆ. ವಿಶ್ವವಿದ್ಯಾನಿಲಯವು ಮೊದಲು ಉಳಿಸಿಕೊಳ್ಳಬೇಕಾದುದು ವಿದ್ಯಾರ್ಥಿಗಳ ಸುದ್ದಿಮನೆಯನ್ನು, ಅದರೊಡನೆ ತಕ್ಕ ಸಂಬಳ ಪಡೆದು ಅಲ್ಲಿಯೇ ನೆಲೆನಿಲ್ಲುವ ನಾಲ್ಕಾರು ಹಿರಿಯರನ್ನು.