ಸಿಡಿಲು ಸಾಕ್ಷಿ ಹೇಳಂಗಿಲ್ಲ

ಬೀದರಿನ ಹತ್ತಿರ ಅಷ್ಟೂರಿನಾಗ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಾವ. ನಮ್ಮ ಕಡಿಯಿಂದ ಸಾಲಿ ಹುಡುಗರನ್ನು ಕರೆದೊಯ್ಯುವ ಮಾಸ್ತರರು ಅರ್ಧ ಉರುಳಿದ ಒಂದು ಗುಮ್ಮಟದ ಮುಂದ ತಪ್ಪದೆ ನಿಲ್ತಾರ. "ಇವ ಹುಮಾಯೂನ್ ಜಾಲಿಮ್. ಭಾಳ ಕ್ರೂರಿ. ಅದಕ್ಕೇ ದೇವರು ಸಿಡಿಲು ಹೊಡೆದ" ಅಂತ ಹೇಳಿ ಮುಂದ ಹೋಗ್ತಾರ. ಇದು ಪಾಠ ಅಲ್ರಿ, ಚಾಡಿ.

ಜಾಲಿಮ್ ಅಂದ್ರ ಜುಲುಮಿ ಮಾಡುವವ. ಹುಮಾಯೂನ್ ಆಳಿದ್ದು 1458ರಿಂದ 1461ರ ತನಕ. ಅವ ತೆಲಂಗಾಣದ ಕಡಿ ದಂಡೆತ್ತಿ ಹೋದಾಗ ಬೀದರಿನಲ್ಲಿ ಸೆರೆಮನೆ ಒಡೆದು ದಂಗೆ ಆಯಿತು. ಆಮೇಲೆ ದಂಗೆಯ ತಮ್ಮ ಹಸನ್ ಖಾನನನ್ನು ಹುಲಿಗೆ ಹಾಕಿಸಿದ ಅಂತ ಫೆರಿಷ್ತಾ ಬರೆದಾನ. ಅವ ಬರೆದದ್ದು ಬಿಜಾಪುರದಲ್ಲಿ ಕುಂತು, ಸುಮಾರು ನೂರೈವತ್ತು ವರ್ಷ ಕಳೆದ ಮ್ಯಾಲ. ಇದರಲ್ಲಿ ಉಬ್ಬಿಸಿದ್ದು ಭಾಳ ಅದ ಎಂದು ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ವಾದಿಸಿದ್ದಾರೆ.

ಇರ್ಲಿ, ಅಷ್ಟೂ ಖರೆ ಅಂತನ ಹಿಡಿಯೋಣ. ಅದೇ ಫೆರಿಷ್ತಾ ಹುಮಾಯೂನನ ಅಜ್ಜ ಅಹಮದ್ ಶಾಹನ ಬಗ್ಗೆ ಏನು ಬರೆದಾನ? ವಿಜಯನಗರದ ಸೀಮೆಗೆ ನುಗ್ಗಿ, ಕೊಂದವರ ಲೆಕ್ಕ 20,000 ಮುಟ್ಟಿದಾಗೆಲ್ಲ ಮೂರು ದಿನ ನಿಂತು ಹಬ್ಬ ಮಾಡಿದ ಅಂತ. ಆದರ ಅವನ ಹೆಸರು 'ವಲಿ', ಅಂದ್ರ ಸಂತ. ಬರಗಾಲದಾಗ ಬೇಡಿಕೊಂಡ, ಮಳಿ ಬಂತು, ಹೆಸರೂ ಬಂತು ಅಂತಾರ. ಇಂದಿಗೂ ಅವನ ಉರುಸಿಗೆ ಜಂಗಮರೂ ಬರ್ತಾರ, ಮುಸಲ್ಮಾನರೂ ಬರ್ತಾರ. ಆ ಭಕ್ತಿಗೆ ನನ್ನ ತಕರಾರಿಲ್ಲ. ತಕರಾರು ಇರೋದು ಲೆಕ್ಕದ ಮ್ಯಾಲ.

ಹುಮಾಯೂನನ ಮಗ ಮೂರನೇ ಮಹಮದ್ ಶಾಹ ಕಳ್ಳ ಕಾಗದ ನಂಬಿ 1481ರಲ್ಲಿ ಮುಪ್ಪಿನ ಮಂತ್ರಿ ಮಹಮೂದ್ ಗವಾನನ ತಲೆ ತೆಗೆಸಿದ. ಬೀದರಿನ ಮದರಸಾ ಕಟ್ಟಿಸಿದ ಪುಣ್ಯಾತ್ಮನ ತಲೆ! ಅವನಿಗೆ ಜಾಲಿಮ್ ಅನ್ನೋ ಹೆಸರು ಅಂಟಲಿಲ್ಲ.

ಅಂದ್ರ ಅಡ್ಡಹೆಸರು ರಕ್ತ ಅಳೆದು ಇಟ್ಟದ್ದಲ್ಲ. ಹುಮಾಯೂನನ ಸಿಟ್ಟು ಅರಮನೆಗೆ, ಅಮೀರರ ಮನೆಗೆ ಮುಟ್ಟಿತು. ಅವರ ಪರ ಅಳುವವರಿದ್ದರು, ಬರೆಯುವವರಿದ್ದರು. ಅಜ್ಜನ ದಂಡು ತುಳಿದದ್ದು ಹಳ್ಳಿಗಳನ್ನ, ನಮ್ಮ ನಿಮ್ಮಂಥವರನ್ನ. ನಮ್ಮ ಪರ ಹೆಸರು ಇಡೋರು ಯಾರು?

ಇನ್ನು ಸಿಡಿಲು. ಅದು ಗುರುತು ಹಿಡಿದು ಬೀಳಂಗಿಲ್ಲ. ಬೇವಿನ ಗಿಡಕ್ಕ ಕಟ್ಟಿದ ಎತ್ತಿಗೂ ಬಡೀತದ. ಆ ಎತ್ತು ಯಾರಿಗೆ ಜುಲುಮಿ ಮಾಡಿತ್ತು?

ಮಾಸ್ತರರೇ, ಗುಮ್ಮಟದ ಮುಂದ ಹೆಸರು ಹೇಳ್ರಿ, ವರ್ಷ ಹೇಳ್ರಿ, ಯಾರು ಬರೆದರು ಅಂತ ಹೇಳ್ರಿ. ಆಮೇಲೆ ಅಜ್ಜನ ಗುಮ್ಮಟಕ್ಕೂ ಕರ್ಕೊಂಡು ಹೋಗಿ ಅಷ್ಟೇ ಹೇಳ್ರಿ. ಜಾಲಿಮ್ ಯಾರು ಅನ್ನೋದು ಹುಡುಗರೇ ತೀರ್ಮಾನಿಸಲಿ.