ಗಂಟಿಲ್ಲದ ಹಗ್ಗ

ಸ್ವಾತಂತ್ರ್ಯೋತ್ಸವಕ್ಕೆ ಮುನ್ನ, ಕಂಬಂ ಕಣಿವೆಯಿಂದ ದಿಂಡಿಗಲ್‌ವರೆಗಿನ ಪಾಲಕರು ತಮ್ಮ ಮಕ್ಕಳ ಶಾಲೆಯ ಧ್ವಜಸ್ತಂಭದ ಹಗ್ಗವನ್ನು ಒಮ್ಮೆ ಪರೀಕ್ಷಿಸುವುದು ಒಳಿತು. 2002ರ ಭಾರತದ ಧ್ವಜ ಸಂಹಿತೆಯಂತೆ ರಾಷ್ಟ್ರಧ್ವಜವು ಚುರುಕಾಗಿ ಏರಬೇಕು, ನಿಧಾನವಾಗಿ ಗೌರವದಿಂದ ಇಳಿಯಬೇಕು. ಶೋಕಾಚರಣೆಯಲ್ಲಿ ಅರ್ಧಕ್ಕೆ ಇಳಿಸುವ ಮುನ್ನವೂ ತುದಿಯನ್ನು ಮುಟ್ಟಬೇಕು. ತುಂಡಾದ ಹಗ್ಗಕ್ಕೆ ಹಾಕಿದ ಗಂಟು ರಾಟೆಯಲ್ಲಿ ಸಿಕ್ಕಿದರೆ ಇದಾವುದೂ ನಡೆಯದು. ಬಿಡಿಸಲು ಯಾವನಾದರೂ ಹುಡುಗ ಕಂಬವೇರಿಯಾನು. ಗಂಟು ಹಗ್ಗದ ಬಲವನ್ನೂ ಅರ್ಧದಷ್ಟು ಕುಗ್ಗಿಸಬಲ್ಲದು.

ಹಾಯಿದೋಣಿಯವರು ರಾಟೆಗಳ ನಡುವೆ ಸುತ್ತುವ ಹಗ್ಗಕ್ಕೆ ಗಂಟು ಹಾಕರು, ಹೆಣೆಯುವರು. ಮೂರೆಳೆಯ ಹಗ್ಗವಾದರೆ ಕ್ರಮವಿದು: ಎರಡು ತುದಿಗಳನ್ನೂ ಬಿಚ್ಚಿ, ಎಳೆಗಳನ್ನು ಒಂದರ ನಡುವೆ ಒಂದಾಗಿ ಕೂಡಿಸಬೇಕು. ಬಲಬದಿಯ ಒಂದೆಳೆಯನ್ನು ದೂರದವರೆಗೆ ಬಿಚ್ಚುತ್ತ, ತೆರವಾದ ಜಾಡಿನಲ್ಲಿ ಎಡಬದಿಯ ಎಳೆಯನ್ನು ಹುರಿಗೊಳಿಸಿ ಕೂರಿಸಬೇಕು, ಎಡಬದಿಯಲ್ಲಿಯೂ ಹಾಗೆಯೇ. ಮೂರನೆಯ ಜೋಡಿ ನಡುವೆಯೇ ಉಳಿಯಲಿ. ಮೂರು ಕಡೆಯೂ ಜೋಡಿ ಎಳೆಗಳನ್ನು ಅರೆಗಂಟಿನಿಂದ ಬಿಗಿದು, ತುದಿಗಳನ್ನು ತೆಳುಮಾಡಿ ಪಕ್ಕದ ಎಳೆಗಳ ಅಡಿಗೆ ತೂರಿಸಿ, ಮಿಕ್ಕುದನ್ನು ಕತ್ತರಿಸಬೇಕು. ಸೇರುವೆಗಳು ದೂರದೂರ ಹಂಚಿಹೋಗುವುದರಿಂದ ಹಗ್ಗ ದಪ್ಪವಾಗದು, ರಾಟೆಯಲ್ಲಿ ಸಲೀಸಾಗಿ ಹರಿಯುವುದು.

ಹಗ್ಗವೇ ಜೀರ್ಣವಾಗಿದ್ದರೆ ಹೊಸದನ್ನು ತರುವುದು ಲೇಸು. ಕಪಿಲೆಬಾವಿಯ ಮಿಣಿಯನ್ನು ಕೈಯಾರೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನೇ ಶಾಲೆಗೆ ಕರೆದೊಯ್ಯಿರಿ. ಮಕ್ಕಳು ನೋಡಿ ಕಲಿಯಲಿ.